ನಾಯಿಯ ಹೆಸರು

ನನ್ನ ಜಾಲತಾಣಕ್ಕೆ ಮೂವತ್ತೊಂದು ಪುಟ.
ಇಪ್ಪತ್ತೆಂಟಕ್ಕೆ ಕದವೇ ಇಲ್ಲ, ಯಾರೂ ಬರಬಹುದು:
ಒಂಬತ್ತನೇ ತರಗತಿಯ ರಸಾಯನಶಾಸ್ತ್ರದ ಲೆಕ್ಕಗಳು,
ಜೊಂಜೋಲಿ ಮೊಗ್ಗಿನ ಉಪ್ಪಿನಕಾಯಿ,
ತ್ಬಿಲಿಸಿಯ ನಲ್ಲಿ ನೀರು ಕೆಟಲಿನ ತಳದಲ್ಲಿ
ಬಿಳಿ ಚಕ್ಕೆ ಕಟ್ಟುವುದು ಯಾಕೆಂದು
ಯಾರೂ ಕೇಳದಿದ್ದರೂ ಬರೆದ ಲೇಖನ.

ಉಳಿದ ಮೂರಕ್ಕೆ ಬೀಗ.

ಹಾಕಿಕೊಟ್ಟವನು ತಂಗಿಯ ಮಗ ಶಾಲ್ವಾ,
ಬಾಯ್ತುಂಬ ಖಾಚಾಪುರಿ ಇಟ್ಟುಕೊಂಡೇ.
"ಎಲ್ಲಕ್ಕೂ ಹಾಕಲಾ ದೊಡ್ಡಮ್ಮ, ಒಂದೇ ಕ್ಲಿಕ್ಕು."
ಬೇಡಪ್ಪ ಅಂದೆ. ಮನೆಗೆಲ್ಲ ಬೀಗ ಜಡಿಯುವವಳು
ಎಲ್ಲಿಗೋ ಹೊರಟವಳು.
ಒಂದು ಸಲ ಹೊರಟದ್ದು ಸಾಕು.

ಆ ಮೂರು ಪುಟ, ಸುಖುಮಿಯ ನಮ್ಮ ಅಂಗಳ.
ಮನೆ ಹದಿನೇಳು, ಫೋಟೋ ನಲವತ್ತು.
ಪರ್ಸಿಮನ್ ಮರದಡಿ ಬನಿಯನ್ನಿನಲ್ಲಿ
ಡೊಮಿನೋ ಆಡುವ ಗಂಡಸರು,
ಹಗ್ಗದ ಮೇಲೆ ಯಾರದೋ ಲಂಗ.
ಅರ್ಧ ಜನ ಈಗಿಲ್ಲ, ಉಳಿದರ್ಧಕ್ಕೆ ವಿಳಾಸವಿಲ್ಲ.
ಊರೆಲ್ಲ ನೋಡಲೆಂದು ಹರವುವ ಬಟ್ಟೆಯಲ್ಲ ಇದು.

"ಎಂಟು ಅಕ್ಷರ, ಒಂದು ಅಂಕಿ, ಒಂದು ಚಿಹ್ನೆ," ಅಂದ ಶಾಲ್ವಾ.
ಅಂಥ ಕೀಲಿಯನ್ನು ಯಾರ ಕೈಗೆ ಕೊಡಲಿ,
ಕೈಗಳು ಎಲ್ಲಿವೆಯೆಂದೇ ಗೊತ್ತಿಲ್ಲದಾಗ?
ಅವರವರ ಹತ್ತಿರ ಆಗಲೇ ಇದ್ದದ್ದನ್ನೇ ಕೀಲಿ ಮಾಡಿದೆ.
ಖಾಲಿ ಚೌಕದ ಮೇಲೆ ಒಂದೇ ಸಾಲು:
ನಮ್ಮ ಅಂಗಳದ ನಾಯಿಯ ಹೆಸರೇನು?

ಬೊಂಬೋರಾ.
ಜೂಲುನಾಯಿ, ಒಂದು ಕಿವಿ ಮಾತ್ರ ನೆಟ್ಟಗೆ.
ಯಾರದ್ದೂ ಅಲ್ಲ, ಹದಿನೇಳೂ ಮನೆಯ ಎಲುಬು ತಿಂದದ್ದು.
ಟ್ರಕ್ಕಿನ ಹಿಂದೆ ಸೇತುವೆವರೆಗೂ ಓಡಿಬಂತು.
ಆಮೇಲೆ ನಾನು ತಿರುಗಿ ನೋಡಲಿಲ್ಲ.

ಬಂದರು ಒಬ್ಬೊಬ್ಬರೇ. ಪೋಲೆಂಡಿನಿಂದ ನೇಲಿ,
ಕುತಾಯಿಸಿಯಿಂದ ಗಡಿಯಾರ ರಿಪೇರಿಯ ಒತಾರಿ.
ಥೆಸಲೊನಿಕಿಯಲ್ಲಿ ಗ್ರೀಕ್ ಮನೆಯ ಮೊಮ್ಮಗಳು
ಅಜ್ಜಿಯ ಕಿವಿಗೆ ಕೂಗಿ ಕೇಳಿ ಒತ್ತಿದಳಂತೆ.

ತಪ್ಪು ಹೇಳಿದವರ ಪಟ್ಟಿಯೂ ನನಗೆ ಕಾಣುತ್ತದೆ.
ಶಾರಿಕ್, ರೆಕ್ಸ್, ತೂಜಿಕ್:
ಬೇರೆ ಬೀದಿಗಳ ನಾಯಿಗಳು, ತಪ್ಪಿ ಬಂದವು.
ಒಬ್ಬ ಮಹಾಶಯ ಒಂದು ಎರಡು ಮೂರು ನಾಲ್ಕು ಐದು.
ಆ ಹೆಸರಿನ ನಾಯಿ ಎಲ್ಲೂ ಬಾಲ ಆಡಿಸಿರಲಿಕ್ಕಿಲ್ಲ.

ಫೆಬ್ರವರಿಯ ಒಂದು ರಾತ್ರಿ, ಎರಡು ಗಂಟೆ ಹತ್ತು ನಿಮಿಷ:
ಬೋತ್ಸ್‌ಮನ್.
ಮತ್ತೆ, ಬೋತ್ಸ್‌ಮನ್.
ಮೂರನೇ ಸಲ ಒಂದಕ್ಷರ ಜಾರಿ,
ಬೆರಳು ನಡುಗಿದವರ ಹಾಗೆ.

ನಾಯಿಯನ್ನು ಹಾಗೆ ಕರೆದದ್ದು ಇಡೀ ಅಂಗಳದಲ್ಲಿ ಒಂದೇ ಮನೆ.
ಆರನೆಯದು. ಅಬ್ಖಾಜರದು.
ಅಪ್ಪ ಬಂದರಿನಲ್ಲಿ ಕ್ರೇನು ನಡೆಸುತ್ತಿದ್ದ.
ಮಗ ಬತಾಲ್ ನನ್ನ ತರಗತಿಯ ಹಿಂದಿನ ಬೆಂಚು,
ಆಮ್ಲಕ್ಕೆ ನೀರೋ, ನೀರಿಗೆ ಆಮ್ಲವೋ
ನೂರು ಸಲ ಹೇಳಿದರೂ ಮರೆಯುತ್ತಿದ್ದವನು.
ಯುದ್ಧದಲ್ಲಿ ಅವನ ಕೈಯಲ್ಲಿ ಏನಿತ್ತೋ, ನನಗೆ ಗೊತ್ತಿಲ್ಲ.
ಅವರು ಉಳಿದರು, ನಾವು ಬಂದೆವು.
ನಾಯಿ ಸೇತುವೆಯಿಂದ ಮರಳಿದ್ದರೆ
ಆ ಮನೆಗೇ ಮರಳಿರಬೇಕು.

ಮೂರು ದಿನ ಸುಮ್ಮನಿದ್ದೆ.
ನೇಲಿಗೆ ಫೋನು ಮಾಡಿದೆ. "ಬೇಡ" ಅಂದಳು, ಇಟ್ಟಳು.
ಐದನೇ ಫೋಟೋದಲ್ಲಿ ಡೊಮಿನೋ ಎತ್ತಿ ಹಿಡಿದು
ನಗುತ್ತಿರುವವನು ಅವಳ ಅಣ್ಣ.
ಅವಳದು ತಪ್ಪೆನ್ನಲಾರೆ.

ಮೊನ್ನೆ ಶಾಲ್ವಾನನ್ನು ಕೇಳಿದೆ,
ಒಂದು ಬೀಗಕ್ಕೆ ಎರಡು ಕೀಲಿ ಆಗುತ್ತದೇನೋ?
"ಯಾಕಾಗಲ್ಲ."
ಹಾಗಾದರೆ ಎರಡು ಪುಟಕ್ಕೆ ಆಗಲಿ.
ನೇಲಿಯ ಅಣ್ಣನಿರುವ ಪುಟ ಇದ್ದ ಹಾಗೇ ಇರಲಿ.
ನೀರಿಗೆ ಆಮ್ಲ, ಬತಾಲ್. ಅದೂ ಹನಿ ಹನಿಯಾಗಿ.

ಅವನು ಇನ್ನೂ ಮತ್ತೆ ಬಂದಿಲ್ಲ.
ಅವನೇ ಹೌದೋ, ಅದೂ ಗೊತ್ತಿಲ್ಲ.
ಚೌಕದ ಮೇಲಿನ ಸಾಲನ್ನು ಮಾತ್ರ ಕೊಂಚ ತಿದ್ದಿದ್ದೇನೆ:
ನಮ್ಮ ಅಂಗಳದ ನಾಯಿಯನ್ನು
ನಿಮ್ಮ ಮನೆಯಲ್ಲಿ ಏನೆಂದು ಕರೆಯುತ್ತಿದ್ದಿರಿ?