ನಾಲ್ಕು ಆಂಪಿಯರ್

ನಮ್ಮದು ನಾಲ್ಕು ಆಂಪಿಯರ್ ಸಂಸಾರ.
ಬಸ್ರಾದಲ್ಲಿ, ಆಗಸ್ಟಿನಲ್ಲಿ,
ಖರ್ಜೂರದ ಗೊನೆಯನ್ನು ಮರದಲ್ಲೇ ಬೇಯಿಸುವ ಬಿಸಿಲಲ್ಲಿ
ಸರ್ಕಾರದ ಕರೆಂಟು ಅವಸರದ ನೆಂಟನ ಹಾಗೆ ಬಂದು
ಚಹಾ ಆರುವ ಮೊದಲೇ ಎದ್ದು ಹೊರಡುತ್ತದೆ.
ಆಮೇಲೆ ಬೀದಿಯ ಕೊನೆಯಲ್ಲಿ
ಅಬೂ ಸಲ್ವಾನನ ಜನರೇಟರು ಕೆಮ್ಮುತ್ತದೆ.
ಗೋಡೆಯಿಂದ ಗೋಡೆಗೆ ಜೋತ ನೂರು ತಂತಿಗಳಲ್ಲಿ
ನಮ್ಮದೊಂದು, ಹಸಿರು ಚಿಂದಿ ಕಟ್ಟಿದ್ದು.

ತಿಂಗಳ ಮೊದಲ ದಿನ ದುಡ್ಡು ಎಣಿಸಿ ಕೊಡುವವಳು ನಾನು,
ಹಾಗಾಗಿ ಲೆಕ್ಕವೂ ನನ್ನದೇ.
ಫ್ರಿಜ್ಜಿಗೆ ಒಂದು. ಅತ್ತೆಯ ಇನ್ಸುಲಿನ್ ಇದೆ ಅದರಲ್ಲಿ,
ಆ ಮಾತು ಎತ್ತುವುದೇ ಬೇಡ.
ಕೂಲರಿಗೆ ಒಂದೂವರೆ.
ಮೂರು ಫ್ಯಾನು, ಎರಡು ದೀಪ, ಅಲ್ಲಿಗೆ ಮುಗಿಯಿತು.
ಟಿವಿ ಬೇಕೆ? ಯಾರ ಫ್ಯಾನು ನಿಲ್ಲಿಸಲಿ ಹೇಳಿ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ;
ಇಲ್ಲಿ ತಂತಿ ಇದ್ದಷ್ಟು.

ಗಂಡ ಫಾಲಿಹನಿಗೆ ಇಪ್ಪತ್ತು ವರ್ಷವಾದರೂ ಈ ಮಗ್ಗಿ ಬಾರದು.
ತಮ್ಮನ ಮಗನ ನಿಶ್ಚಿತಾರ್ಥಕ್ಕೆಂದು ಬಿಳಿ ಅಂಗಿ ಹಾಸಿ
ಕದ್ದು ಇಸ್ತ್ರಿ ಪೆಟ್ಟಿಗೆ ಚುಚ್ಚಿದ.
ಒಂದು ತೋಳು ಮುಗಿದಿತ್ತು.
ಟಪ್.
ಮನೆಯಲ್ಲಿ ತಿರುಗುವುದೆಲ್ಲ ತಿರುಗುತ್ತ ತಿರುಗುತ್ತ ನಿಂತಿತು.
ಯಾರೂ ಬೈಯಲಿಲ್ಲ. ಬೈದರೆ ಇನ್ನೂ ಸೆಕೆ.
ಐವತ್ತು ಡಿಗ್ರಿಯಲ್ಲಿ ಬೀದಿಯುದ್ದ ನಡೆದು
ಅಬೂ ಸಲ್ವಾನನ ಹಲಗೆಯಲ್ಲಿ ನಮ್ಮ ಸ್ವಿಚ್ಚು ಎತ್ತಿ ಬಂದ.
ಒಂದು ತೋಳು ಗರಿಗರಿ, ಇನ್ನೊಂದು ಮುದುಡಿ,
ಹಾಗೇ ಹೋದ ನಿಶ್ಚಿತಾರ್ಥಕ್ಕೆ.

ಅತ್ತೆ ಬದ್ರಿಯಾ ಆಂಪಿಯರನ್ನು ನಂಬುವವಳಲ್ಲ.
ಒಂಟೆಮುಳ್ಳು ತರಿಸುತ್ತಾಳೆ,
ಖರ್ಜೂರದ ಗರಿಕಡ್ಡಿಗಳ ಚೌಕಟ್ಟಿನಲ್ಲಿ ಒತ್ತಿ ತುಂಬಿ
ಕಿಟಕಿಗೆ ನಿಲ್ಲಿಸಿ ನೀರು ಚಿಮುಕಿಸುತ್ತಾಳೆ.
ಉತ್ತರದ ಗಾಳಿ ಬಂದರೆ ಹಸಿಹುಲ್ಲಿನ ವಾಸನೆ, ಕತ್ತಿನ ಹಿಂದೆ ತಂಪು.
ಆದರೆ ಕೊಲ್ಲಿಯಿಂದ ಶರ್ಜಿ ಬೀಸುವ ದಿನ
ಗಾಳಿಯೇ ಒದ್ದೆ ಗೋಣಿ, ಮುಳ್ಳು ಏನು ಮಾಡೀತು?
ನಿನ್ನೆ ಅಂಥದೇ ರಾತ್ರಿ.

ಫ್ಯಾನುಗಳ ಸದ್ದಿನಡಿ ಇನ್ನೊಂದು ಸದ್ದು.
ಗೋಡೆಯಾಚೆ, ನಜ್ಲಾಳ ಮನೆಯಲ್ಲಿ,
ರಟ್ಟಿನ ಚೂರೊಂದು ಬೀಸುತ್ತಿತ್ತು: ಫಟ, ಫಟ, ಫಟ.
ನಡುವೆ ನಿಲ್ಲುತ್ತದೆ. ಕೈ ಬದಲಾಗುತ್ತಿರಬೇಕು.
ಮತ್ತೆ ಫಟ, ಫಟ.
ಎರಡು ತಿಂಗಳ ಬಾಕಿಗೆ ಅವರ ತಂತಿ ಕತ್ತರಿಸಿದ್ದು
ಬೀದಿಗೆಲ್ಲ ಗೊತ್ತು;
ಅವಳ ಮಗುವಿಗೆ ನಲವತ್ತು ದಿನ ತುಂಬಿಲ್ಲವೆಂಬುದೂ.
ಕೇಳಲು ಅವಳು ಬರಲಿಲ್ಲ.
ಬಂದಿದ್ದರೆ ಇಲ್ಲ ಅನ್ನಲು ನನ್ನ ಹತ್ತಿರ ಲೆಕ್ಕವಿತ್ತು.

ಕೂಲರು ಆರಿಸಿದೆ.
ಹಾಸಿಗೆ ಎತ್ತಿ, ಮಾಳಿಗೆಗೆ ನಡೆಯಿರಿ ಎಂದೆ.
ಫಾಲಿಹ್ ಗೊಣಗಿದ, ಹೆಂಚಿನ ಮೇಲೆ ರೊಟ್ಟಿ ಮಲಗಿದ ಹಾಗೆ ಮಲಗಬೇಕೆ ಎಂದು.
ಮಗಳು ರಿಹಾಬ್ ಏನೂ ಕೇಳದೆ
ವೈರಿನ ಸುರುಳಿ ಬಿಚ್ಚಿ ಗೋಡೆಯಾಚೆ ಇಳಿಸಿದಳು.
ಕೆಳಗೆ ಯಾರೋ ಹಿಡಿದುಕೊಂಡದ್ದು
ಅವಳ ಬೆರಳಿಗೆ ಗೊತ್ತಾಯಿತು.
ಸ್ವಲ್ಪ ಹೊತ್ತಿಗೆ ರಟ್ಟಿನ ಸದ್ದು ನಿಂತಿತು.
ಆ ಸದ್ದಿಲ್ಲದೆ ನನಗೆ ನಿದ್ದೆ ಬರಲಿಲ್ಲ.
ಅತ್ತೆ ಮಾತ್ರ ಒದ್ದೆ ಚಾದರ ಹೊದ್ದು ಗೊರಕೆ.

ಬೆಳಿಗ್ಗೆ, ಟಪ್.
ಅವರೋ ನಾವೋ, ಯಾರೂ ಕೇಳಲಿಲ್ಲ.
ಎರಡು ಬಾಗಿಲು ಒಟ್ಟಿಗೇ ತೆರೆದವು.
ಫಾಲಿಹ್, ನಜ್ಲಾಳ ಗಂಡ ಖುದೈರ್,
ಗೋಡೆಯ ಬುಡದ ಗೇಣಗಲ ನೆರಳಿನಲ್ಲಿ
ಒಬ್ಬರ ಹಿಂದೆ ಒಬ್ಬರು ಹೊರಟರು,
ಇಬ್ಬರೂ ಒಂದು ಸ್ವಿಚ್ಚು ಎತ್ತಲು.