ಚಿಂಬಾಯಿಯ ಗೋಡೆ

ಈ ಗೋಡೆಗೆ ಮೊದಲು ನಾನೇ ಬರೆದಿದ್ದೆ,
ಮರಾಠಿಯಲ್ಲಿ, ಕೆಂಪಕ್ಷರದಲ್ಲಿ:
ಇಲ್ಲಿ ಉಚ್ಚೆ ಹೊಯ್ದವ ಕತ್ತೆ.
ಕತ್ತೆಗಳು ಬರುವುದು ನಿಲ್ಲಲಿಲ್ಲ.
ಆಮೇಲೆ ಸಾಯಿಬಾಬಾ, ಏಸು, ಮಕ್ಕಾದ ಟೈಲ್ಸು
ಸಾಲಾಗಿ ಕೂಡಿಸಿದರು. ಮುಂಬಯಿಯಲ್ಲಿ
ದೇವರಿಗೂ ಮೊದಲು ಸಿಗುವುದು ವಾಚ್‌ಮನ್ ಕೆಲಸವೇ,
ಯಾದಗಿರಿಯಿಂದ ಬಂದ ನಮ್ಮ ಹುಡುಗರಿಗೆ ಸಿಕ್ಕಂತೆ.

ಆಕೆ ಬಂದದ್ದು ಟೈಲ್ಸು ಉದುರಿದ ಮೇಲೆ.
ಹೆಸರು ಕೇಳಿದೆ. ಕೊನ್ಸುವೆಲೊ ಎಂದಳು.
ನನ್ನ ಕಿವಿಗೆ ಬಿದ್ದದ್ದು ಕನಸವ್ವ.
ಮೆಕ್ಸಿಕೋ ಅಂತೆ. ಗಂಡ ಇದೇ ಗಲ್ಲಿಯವ,
ಹಡಗಿನಲ್ಲಿದ್ದ, ಈಗಿಲ್ಲ. ಈಕೆ ಉಳಿದಳು.
ಪರ್ಸಿನಿಂದ ಅಂಗೈಯಷ್ಟು ಚಿತ್ರ ತೆಗೆದಳು,
ಬೆವರಿಗೆ ಅಂಚೆಲ್ಲ ಮೆತ್ತಗಾಗಿತ್ತು.

ಹಸಿರು ಸೆರಗಿನ ತುಂಬ ಚಿಕ್ಕೆ.
ಮೈಸುತ್ತ ಜಾಲಿಮುಳ್ಳಿನಂಥ ಬೆಳಕು.
ಕಾಲಡಿಗೆ ಚಂದ್ರ, ಎಮ್ಮೆಕೊಂಬಿನಂತೆ ಕರ್ರಗೆ.
ಮೋತ್ ಮಾವುಲಿಯನ್ನು ಮೂರು ಸಲ ಬರೆದ ಕೈ,
ರೂಢಿಯಂತೆ ಗುಲಾಬಿ ಡಬ್ಬಿ ಬಿಚ್ಚಿತ್ತು.
'ಅದಲ್ಲ' ಎಂದಳು ಕನಸವ್ವ, ತನ್ನ ಮೊಣಕೈ ತೋರಿಸಿ,
'ಈ ಬಣ್ಣ.'
ಕಾವಿಗೆ ಹಳದಿ, ಒಂದು ಹನಿ ಕಪ್ಪು,
ಕಲಸಿ ಕಲಸಿ ನನ್ನ ಮುಂಗೈ ಪಕ್ಕ ಹಿಡಿದು ನೋಡಿದೆ.
ಸರಿಹೋಯಿತು.

ಮಧ್ಯಾಹ್ನ ಭುಟ್ಟಾ ತಂದಳು, ಕೆಂಡದ್ದು,
ಖಾರದಲ್ಲಿ ಅದ್ದಿದ ನಿಂಬೆಹೋಳು ತಿಕ್ಕಿ.
'ನಮ್ಮಲ್ಲೂ ಹಿಂಗೇ,' ಎಂದಳು ಅವಳ ಹಿಂದಿಯಲ್ಲಿ.
'ನಮ್ಮಲ್ಲೂ,' ಎಂದೆ ನನ್ನ ಹಿಂದಿಯಲ್ಲಿ.
ಒಂದಕ್ಕಿಂತ ಒಂದು ಕುಂಟು.
ಮುಂದೆ ಮಾತಿಲ್ಲ. ಕಡಲ ಕಡೆಯಿಂದ
ಒಣಮೀನಿನ ಗಾಳಿ.

ಊರಿಗೆ ಹೋಗಬೇಕು ಅನಿಸೋದಿಲ್ಲೇನು
ಎಂದು ಕೇಳುವವನಿದ್ದೆ. ಕೇಳಿದರೆ
ತಿರುಗಿ ನನ್ನನ್ನೇ ಕೇಳಿಯಾಳು ಎಂದು
ಸೆರಗಿನ ಚಿಕ್ಕೆ ಎಣಿಸುತ್ತ ಕೂತೆ.
ನಲವತ್ತಾರು ಇರಬೇಕಂತೆ, ಲೆಕ್ಕ ಕೊಟ್ಟಿದ್ದಳು.
ನಲವತ್ತೇಳಾಗಿತ್ತು.
ಅಳಿಸಲಿಲ್ಲ.

ಮಾರನೆ ಬೆಳಿಗ್ಗೆ ಗೋಡೆಯ ಬುಡಕ್ಕೆ
ಅಬೋಲಿ ದಂಡೆ, ಅರ್ಧ ಉರಿದ ಮೇಣದಬತ್ತಿ,
ಯಾರೋ ಒಡೆದ ಕಾಯಿ.
ಮೀನಿನ ಪಾಸ್ಕಿನಬಾಯಿ ಬುಟ್ಟಿ ಇಳಿಸಿ ನಿಂತಳು.
'ಯಾವೂರಾಕಿ ಈ ಅವ್ವ?'
ಕನಸವ್ವ ನನ್ನ ಮುಖ ನೋಡಿದಳು.
ನಾನು ಬ್ರಶ್ ತೊಳೆಯುತ್ತಿದ್ದೆ.
'ನಮ್ಮೂರಾಕಿ,' ಅಂದುಬಿಟ್ಟೆ.

ಪಾಸ್ಕಿನಬಾಯಿ ಹಣೆಗೆ, ಎದೆಗೆ, ಭುಜಕ್ಕೆ ಬೆರಳು ಮುಟ್ಟಿಸಿ,
ಬುಟ್ಟಿಯೊಳಗೆ ಕೈಹಾಕುತ್ತ ಕೇಳಿದಳು:
'ಹಂಗಾದ್ರ ಬೊಂಬಿಲ ತಿಂತಾಳೋ ಇಲ್ಲೋ?'