ಬಾಕಿಮಾರು

ಗೇಟಿನ ಮೇಲೆ ಹಿತ್ತಾಳೆಯ ಅಕ್ಷರ: ಕ್ರೀಡಾ ಸಂಕೀರ್ಣ.
ಬೋಳೂರಿನ ನಮ್ಮ ಬಾಯಿಗೆ ಅದು ಇನ್ನೂ ಬಾಕಿಮಾರು.
ಶಟಲ್ ಕೋರ್ಟಿನ ಅಡಿಯಲ್ಲಿ ಏಣೆಲು ಬೆಳೆ ಇತ್ತು,
ಜಿಮ್ಮಿನ ಕನ್ನಡಿಯ ಜಾಗದಲ್ಲಿ
ಉತ್ತು ದಣಿದ ಕೋಣಗಳು ಕಣ್ಣು ಮುಚ್ಚಿ ನಿಲ್ಲುತ್ತಿದ್ದವು.
ಉಳಿದದ್ದು ಮೂಲೆಯ ಮುರಕಲ್ಲಿನ ಬಾವಿ ಒಂದು,
ಮತ್ತೆ ಅದರ ಪಂಪಿನವ, ನಾನು, ಐತಪ್ಪ.

ಎಪ್ರಿಲ್ ಕೊನೆ. ತುಂಬೆಯಲ್ಲಿ ಎಷ್ಟು ಅಡಿ ಉಳಿಯಿತೆಂದು
ಜನ ಚಿನ್ನದ ರೇಟಿಗಿಂತ ಮೊದಲು ಕೇಳುವ ದಿನಗಳು.
ನಳ್ಳಿ ಮೂರು ದಿನಕ್ಕೊಮ್ಮೆ ಬರುತ್ತದೆ, ಬಂದರೆ ಕೆಮ್ಮುತ್ತದೆ.
ಕೇರಿಯ ಬಾವಿಗಳಿಗೆಲ್ಲ ಹೊಳೆಯ ಉಪ್ಪು ಹತ್ತಿ
ಚಹಾ ಕುಡಿದವರು ಗಂಜಿತಿಳಿ ಕುಡಿದ ಮುಖ ಮಾಡುತ್ತಿದ್ದರು.
ನಮ್ಮದು ಮಾತ್ರ ಸಿಹಿ. ಸಿಹಿ ಅಂದರೆ
ಈಜುಕೊಳಕ್ಕೆ ಸಿಹಿ, ಕ್ಲೋರಿನ್ ಸೇರುವ ತನಕ.

ಸೆಕ್ರೆಟರಿ ಕುಟಿನ್ಹಾ ಸಾರ್ ಒಂದು ಸಂಜೆ ಕರೆದು
“ಐತಪ್ಪ, ಕೊಳಕ್ಕೆ ಇನ್ನು ನೀರು ಬೇಡ,
ಪೈಪು ಗೇಟಿನ ಹೊರಗೆ ಎಳಿ” ಅಂದರು.
ಅಷ್ಟೇ. ಬೇರೆ ಭಾಷಣ ಇರಲಿಲ್ಲ.
ಮೆಂಬರುಗಳು ಫೀಸು ವಾಪಸು ಕೇಳಿದರು, ಇಬ್ಬರು ರಾಜೀನಾಮೆ ಬರೆದರು,
ಒಬ್ಬರು ಫ್ಲೆಕ್ಸ್ ಮಾಡಿಸಿ ತಂದರು:
ಸಮುದಾಯಕ್ಕೆ ನಮ್ಮ ಕಿರುಕಾಣಿಕೆ. ಬದಿಯಲ್ಲಿ ಅವರದೇ ಫೋಟೊ.

ಸರದಿಯ ಮುಂದಿದ್ದ ಅಪ್ಪಿಯಕ್ಕ ಅದನ್ನು ಮೊಮ್ಮಗಳಿಂದ ಓದಿಸಿ
ಕೊಡಪಾನ ಸೊಂಟದಿಂದ ಇಳಿಸಿದಳು.
“ಕಾಣಿಕೆಯಾ? ಈ ಬಾವಿ ತೋಡುವಾಗ ಮಣ್ಣು ಹೊತ್ತದ್ದು ನನ್ನತ್ತೆ.
ಹತ್ತನೇ ಕೋಲಿನಲ್ಲಿ ಒರತೆ ಸಿಕ್ಕಿದ ದಿನ
ಅವಳ ಸೆರಗಿಗೆ ಬಿದ್ದದ್ದು ಒಂದು ಸೇರು ಕುಚ್ಚಲಕ್ಕಿ,
ಉಳಿದದ್ದು ಆಮೇಲೆ ಅಂದಿದ್ದರು ಧಣಿ.”
ಆಮೇಲೆ ಅಂದರೆ ಯಾವಾಗ ಎಂದು ನನ್ನನ್ನು ಕೇಳಿದರೆ?
ನಾನು ಸ್ವಿಚ್ಚು ಒತ್ತಿದೆ.
ಮಾರನೆಯ ದಿನ ಬಿಸಿಲು ಜೋರಿತ್ತು. ಫ್ಲೆಕ್ಸ್ ಬಿಚ್ಚಿ
ಕೊಡಗಳ ಸಾಲಿಗೆ ಚಪ್ಪರ ಹಾಕಿದೆ, ಅಕ್ಷರ ಮೇಲ್ಮುಖ.
ಓದುವುದಿದ್ದರೆ ಗಿಡುಗಗಳು ಓದಲಿ.

ನೀರಿಲ್ಲದ ಕೊಳಕ್ಕೆ ಮಕ್ಕಳು ಯಾವಾಗ ಇಳಿದರು, ನನಗೆ ಗೊತ್ತಿಲ್ಲ.
ಗೊತ್ತಿಲ್ಲ ಎಂದೇ ರಿಜಿಸ್ಟರಿನಲ್ಲಿ ಬರೆದಿದ್ದೇನೆ.
ಇಲ್ಯಾಸ್ ಐದಡಿಯ ಗುರುತಿನ ಪಕ್ಕ ನಿಂತು
ನೆತ್ತಿಯ ಮೇಲೆ ಅಂಗೈ ಇಟ್ಟು ಅಳೆದು
“ನಾನು ಮುಳುಗಿದೆ!” ಎಂದು ನಕ್ಕ.
ಪ್ರಣಮ್ಯ ದೋಣಿಗೆ ಬಳಿಯುವ ಡಾಂಬರಿನಿಂದ
ಒಂಬತ್ತಡಿಯ ಗೋಡೆಯಲ್ಲಿ ಮೂರು ವಿಕೆಟ್ ಬರೆದಳು.
ಅಲ್ಲಿ ಫೀಲ್ಡರ್ ಬೇಡ, ಇಳಿಜಾರು ಉಂಟಲ್ಲ,
ಎಷ್ಟೇ ಜೋರಾಗಿ ಹೊಡೆದರೂ ಚೆಂಡು
ಸ್ವಲ್ಪ ಯೋಚಿಸಿ
ತಾನೇ ಉರುಳಿ ಆಳಕ್ಕೆ ವಾಪಸು ಬರುತ್ತದೆ.

ವಾಕಿಂಗಿಗೆ ಬಂದ ಕುಟಿನ್ಹಾ ಸಾರ್ ದಂಡೆಯಲ್ಲಿ ನಿಂತರು.
ನನ್ನ ಕೆಲಸ ಹೋಯಿತು ಅಂದುಕೊಂಡೆ.
“ಟೈಲ್ಸ್ ಒಡೆದರೆ?”
“ಬಾಕಿ ಖಾತೆಗೆ ಬರೆಯುವ ಸಾರ್.”
ನಗಲಿಲ್ಲ. ಬಯ್ಯಲೂ ಇಲ್ಲ. ಒಂದು ಓವರು ನೋಡಿ
ಔಟಾದ ಹುಡುಗನನ್ನು ನಾಟೌಟ್ ಎಂದು ವಾದಿಸಿ ಹೋದರು.

ಜೂನಿನಲ್ಲಿ ಕೊಳ ತುಂಬಿತು. ಪೈಪು ಸುತ್ತಿಟ್ಟೆ.
ನಲವತ್ತೊಂದು ದಿನ, ದಿನಕ್ಕೆ ಆರು ತಾಸು. ಕೊಡಗಳನ್ನು ಎಣಿಸಲಿಲ್ಲ.
‘ಕೊಟ್ಟದ್ದು’ ಕಾಲಮಿನಲ್ಲಿ ಬರೆಯಬೇಕೋ
‘ತೀರಿಸಿದ್ದು’ ಕಾಲಮಿನಲ್ಲೋ ತಿಳಿಯದೆ
ನಡುವಿನ ಗೆರೆಯ ಮೇಲೆಯೇ ಬರೆದೆ.
ಮಂಗಳವಾರ ಬೆಳಗ್ಗೆ ಕೇರಿಯ ಮಕ್ಕಳಿಗೆ ಈಜು ಎಂದು
ಕಮಿಟಿಯಲ್ಲಿ ಪಾಸಾಗಿದೆ. ಒಂದು ತಾಸು.
ಇರಲಿ, ಒರತೆಯೂ ಹಾಗೆಯೇ ಶುರುವಾಗುವುದು.

ಗೋಡೆ ಉಜ್ಜುವಾಗ ಆ ಮೂರು ಗೆರೆಗಳನ್ನು ಬಿಟ್ಟೆ.
ಈಗ ನೀರಿನಡಿ ಅವು ಬಳುಕುತ್ತವೆ,
ವಿಕೆಟ್ ಬಿದ್ದ ಹಾಗೆ, ಬೀಳದ ಹಾಗೆ.
ಮುಳುಗಿ ಎದ್ದ ಮೆಂಬರೊಬ್ಬರು ಮುಖ ಒರೆಸಿಕೊಂಡು ಕೇಳಿದರು,
“ಅದೆಂತ ಕೆಳಗೆ?”
“ಆಳದ ಗುರುತು ಸಾರ್.”
“ಮೊದಲು ಇರಲಿಲ್ಲವಲ್ಲ?”

ಪಂಪಿನ ಸದ್ದಿನಲ್ಲಿ
ನನಗೆ ಸರಿಯಾಗಿ ಕೇಳಿಸಲಿಲ್ಲ.